ನೆನೆಸಿ ನೋಡಿ, ಆಮೇಲೆ ಹೊಗಳಿ

ಸ್ಟ್ರೈಪರ್ ಮೀನು ಹಿಡಿಯಲೆಂದು ಗಾಳಕ್ಕೆ ಕೂದಲು, ಗರಿ ಬಿಗಿದು ಕಟ್ಟಿದ ಫ್ಲೈ ತೋರಿಸಿದರೆ ಮನೆಗೆ ಬಂದವರು ಆಡುವ ಮಾತು ಒಂದೇ: "ಅಬ್ಬ, ಥೇಟ್ ಮೀನಿನ ಥರಾನೇ ಇದೆಯಲ್ರೀ!" ಇಷ್ಟು ಬೇಸರ ಹುಟ್ಟಿಸುವ ಹೊಗಳಿಕೆ ಇನ್ನೊಂದಿಲ್ಲ. ಗಾಳದ ಮೇಲೆ ಎಪಾಕ್ಸಿ ಅಂಟು ಸುರಿದು, ಮದುವೆಮನೆಯ ಸೀರಿಯಲ್ ಸೆಟ್‌ನಂತೆ ಮಿನುಗುವ ಪ್ಲಾಸ್ಟಿಕ್ ಎಳೆ ತುರುಕಿ, ಗುಂಡು ಕಣ್ಣು ಅಂಟಿಸಿದ್ದನ್ನೇ ಎಲ್ಲರೂ ಕೈಗೆತ್ತಿಕೊಳ್ಳುತ್ತಾರೆ. ಪಕ್ಕದಲ್ಲಿ ಒಂದು ಚಿಟಿಕೆ ಜಿಂಕೆಬಾಲದ ಕೂದಲು, ಐದಾರು ಎಳೆ ನವಿಲುಗರಿ ಹೊತ್ತ ಬಡಕಲು ಫ್ಲೈ ಇದ್ದರೆ, "ಇದಿನ್ನೂ ಅರ್ಧ ಆಗಿದೆಯಾ?" ಎನ್ನುತ್ತಾರೆ. ಹಾಗೆ ಕೇಳುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಗಾಳವನ್ನು ಕಚ್ಚಿ ಹಿಡಿಯುವ ವೈಸ್ ಹೇಗಿರಬೇಕು, ದಾರ ಹೇಗೆ ಸುತ್ತಬೇಕು ಎಂಬುದನ್ನೆಲ್ಲ ಹೇಳುತ್ತ ಕೂರುವುದಿಲ್ಲ. ಬಲ್ಲವರ ಪಕ್ಕ ಒಂದು ಸಂಜೆ ಕೂತರೆ ಅದು ಬರುತ್ತದೆ. ಮೀನಿನ ಬಗ್ಗೆ ಮಾತ್ರ ಎರಡು ಮಾತು. ಸ್ಟ್ರೈಪರ್, ಅಂದರೆ ಸ್ಟ್ರೈಪ್ಡ್ ಬಾಸ್, ಅಮೆರಿಕದ ಪೂರ್ವ ಕರಾವಳಿಯದು. ಚೆಸಾಪೀಕ್ ಕೊಲ್ಲಿಗೆ ಸೇರುವ ನದಿಗಳಲ್ಲಿ, ಹಡ್ಸನ್ ನದಿಯಲ್ಲಿ ಮೊಟ್ಟೆಯಿಟ್ಟು, ಬೇಸಿಗೆಯ ಹೊತ್ತಿಗೆ ರೋಡ್ ಐಲೆಂಡ್, ಮ್ಯಾಸಚೂಸೆಟ್ಸ್ ದಾಟಿ ಮೇನ್‌ವರೆಗೂ ಬರುತ್ತದೆ. ಹೆರಿಂಗ್, ಮೆನ್‌ಹೇಡನ್, ಸ್ಯಾಂಡ್ ಈಲ್, ಸಿಲ್ವರ್‌ಸೈಡ್ ಎಲ್ಲವನ್ನೂ ತಿನ್ನುತ್ತದೆ. ಇವುಗಳಲ್ಲಿ ಸಿಲ್ವರ್‌ಸೈಡನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅದು ಬೆರಳುದ್ದದ ಮೀನು, ಪಕ್ಕೆಯಲ್ಲೊಂದು ಬೆಳ್ಳಿ ಗೆರೆ, ಮಿಕ್ಕ ಮೈಯೆಲ್ಲ ಅರೆಪಾರದರ್ಶಕ. ಬೆಳಕು ಮೈಯೊಳಗಿಂದಲೇ ಹಾದುಹೋಗುವ ಜೀವಿಯನ್ನು ಅಂಟಿನ ಗಟ್ಟಿಯಲ್ಲಿ ಮಾಡಿಟ್ಟರೆ ಏನು ಬಂತು?

ಆದ್ದರಿಂದ ನೋಡಲು ಕಲಿಯಬೇಕಾದ್ದು ಕೂದಲನ್ನು. ಬಕ್‌ಟೇಲ್ ಎಂದರೆ ಬಿಳಿಬಾಲದ ಜಿಂಕೆಯ ಬಾಲ. ಬಣ್ಣ ಹಾಕಿ ಇಡೀ ಬಾಲವನ್ನೇ ಮಾರುತ್ತಾರೆ. ಬುಡದ ಕೂದಲು ಟೊಳ್ಳು, ದಾರ ಬಿಗಿದೊಡನೆ ಸುತ್ತಲೂ ಕೆದರಿಕೊಳ್ಳುತ್ತದೆ. ಬಾಲದ ತುದಿಯ ಕಡೆಯದು ಅಷ್ಟು ಕೆದರುವುದಿಲ್ಲ, ಇಟ್ಟ ಕಡೆ ಮಲಗುತ್ತದೆ. ಬಲ್ಲವನು ಯಾವ ಫ್ಲೈಗೆ ಬಾಲದ ಯಾವ ಭಾಗ ಎಂಬುದನ್ನು ಮೊದಲೇ ನಿರ್ಧರಿಸಿ ಕತ್ತರಿ ಹಾಕುತ್ತಾನೆ. ಕತ್ತರಿಸಿದ ಕೂದಲನ್ನು ತುದಿಯಲ್ಲಿ ಹಿಡಿದು ಗಿಡ್ಡ ಕೂದಲನ್ನೂ ಬುಡದ ತುಪ್ಪಳವನ್ನೂ ಎಳೆದು ಬಿಸಾಡುತ್ತಾನೆ. ಉಳಿದದ್ದರಲ್ಲೂ ಅರ್ಧ ಬಿಸಾಡುತ್ತಾನೆ. ತುದಿಗಳನ್ನು ಸಮ ಮಾಡುವುದಿಲ್ಲ, ಏರುಪೇರಾಗಿಯೇ ಬಿಡುತ್ತಾನೆ. ಫ್ಲೈ ಹಿಂದಕ್ಕೆ ಸಣ್ಣಗಾಗುತ್ತ ಹೋಗುವುದು ಆ ಏರುಪೇರಿನಿಂದಲೇ. ಕತ್ತರಿಯಿಂದ ನೇರ ಮಾಡಿದ ಬಾಲ ಪೊರಕೆ. ಹೊಸಬರಿಗೆ ಅದೇ ಅಚ್ಚುಕಟ್ಟಾಗಿ ಕಾಣುತ್ತದೆ!

ನನಗೆ ಇದು ತಿಳಿದದ್ದು ರೋಡ್ ಐಲೆಂಡಿನ ಅಂಗಡಿಯೊಂದರ ಹಿಂಕೋಣೆಯಲ್ಲಿ, ಒಂದು ಚಳಿಗಾಲದ ರಾತ್ರಿ. ವಯಸ್ಸಾದ ಬಡಗಿಯೊಬ್ಬರು ರೇಸ್ ಫ್ಲೈ ಕಟ್ಟುತ್ತಿದ್ದರು. ಅದೇ ರಾಜ್ಯದ ರೇ ಬಾಂಡೊರೂ ಸಿಲ್ವರ್‌ಸೈಡಿಗೆಂದು ರೂಪಿಸಿದ ಫ್ಲೈ ಅದು. ಕೆಳಗೆ ಬಿಳಿ, ಅದರ ಮೇಲೆ ಹೆಸರಿಗಷ್ಟು ಹಳದಿ, ಮೇಲೆ ಆಲಿವ್, ನೆತ್ತಿಯಲ್ಲಿ ನವಿಲುಗರಿಯ ಎಳೆಗಳು. ಅಜ್ಜನ ಕೈ ನಿಧಾನ, ಬೆರಳು ಸ್ವಲ್ಪ ನಡುಗುತ್ತಿತ್ತು, ಆದರೂ ಕೂದಲು ಹೆಚ್ಚು ಹಿಡಿಯಲಿಲ್ಲ. ಮುಗಿದ ಮೇಲೆ ಅವರು ಒಂದು ಗಾಜಿನ ಲೋಟಕ್ಕೆ ನೀರು ತುಂಬಿ, ಹಿಂದೆ ಮೇಜಿನ ದೀಪ ಇಟ್ಟು, ಫ್ಲೈಯನ್ನು ದಾರ ಕಟ್ಟಿ ಇಳಿಬಿಟ್ಟರು. ಒಣಗಿದ್ದಾಗ ಮೂರು ಪಟ್ಟೆಯಾಗಿದ್ದ ಬಣ್ಣ ನೀರೊಳಗೆ ಒಂದಕ್ಕೊಂದು ಕರಗಿತು. ಎಲ್ಲಿ ಬಿಳಿ ಮುಗಿದು ಎಲ್ಲಿ ಹಸಿರು ಶುರುವಾಯಿತೆಂದು ಬೆರಳಿಟ್ಟು ತೋರಿಸಲಾಗದು. ಕೂದಲಿನ ನಡುವೆ ದೀಪ ಕಾಣುತ್ತಿತ್ತು. ಆಮೇಲೆ ಪಕ್ಕದವನ ದಪ್ಪ ಫ್ಲೈಯನ್ನೂ ಅದೇ ಲೋಟಕ್ಕಿಳಿಸಿದರು. ಕಪ್ಪು ನೆರಳು ಬಿಟ್ಟರೆ ಬೇರೇನೂ ಕಾಣಲಿಲ್ಲ. ವಿವರಣೆ ಕೊಡುವ ಗೋಜಿಗೆ ಅಜ್ಜ ಹೋಗಲಿಲ್ಲ, ಕಾಫಿ ತರಲು ಎದ್ದರು.

ಲೋಟದ ಪರೀಕ್ಷೆ ಗೊತ್ತಾದರೆ ಫ್ಲಾಟ್‌ವಿಂಗ್ ಅರ್ಥವಾಗುತ್ತದೆ. 'ಸ್ಟ್ರೈಪರ್ ಮೂನ್' ಪುಸ್ತಕ ಬರೆದ ಕೆನ್ನಿ ಏಬ್ರಮ್ಸ್ ಹೆಸರಿನೊಂದಿಗೆ ಬೆಸೆದುಕೊಂಡ ಶೈಲಿ ಇದು. ಹುಂಜದ ಸೊಂಟದ ಕಡೆಯ ಉದ್ದ ಗರಿಯನ್ನು ಎಲ್ಲರೂ ನೆಟ್ಟಗೆ ನಿಲ್ಲಿಸಿ ಕಟ್ಟಿದರೆ ಇಲ್ಲಿ ಅಡ್ಡಡ್ಡ ಮಲಗಿಸುತ್ತಾರೆ. ಮಲಗಿಸುವುದು ಸುಲಭವಲ್ಲ, ಗರಿಯ ದಂಟು ದಾರ ಬಿಗಿಯುವಾಗ ಹೊರಳುತ್ತದೆ. ಅದಕ್ಕೇ ಬುಡದಲ್ಲಿ ತುಪ್ಪಳದ ಪುಟ್ಟ ದಿಂಬು. ಒಬ್ಬಾತ ಮೇಳವೊಂದರಲ್ಲಿ ಇದನ್ನು ಕಟ್ಟುವುದನ್ನು ನೋಡಿದೆ. ಗರಿ ಎರಡು ಸಲ ಹೊರಳಿತು, ಎರಡು ಸಲವೂ ಬಿಚ್ಚಿ ಮತ್ತೆ ಕೂರಿಸಿದ. ಅಷ್ಟರಲ್ಲಿ ಸುತ್ತ ನಿಂತವರಲ್ಲಿ ಮುಕ್ಕಾಲು ಪಾಲು ಪಕ್ಕದ ಮೇಜಿಗೆ ಹೋಗಿಯಾಗಿತ್ತು, ಅಲ್ಲಿ ನೀಲಿ ದೀಪದಡಿ ಅಂಟು ಗಟ್ಟಿಯಾಗುವ ಚಮತ್ಕಾರ ನಡೆಯುತ್ತಿತ್ತು. ಕೂತ ಗರಿಯ ಗುಣ ತಿಳಿಯಬೇಕಾದರೆ ಭರತ ಇಳಿಯುವಾಗ ಅಳಿವೆಯ ಹರಿವಿಗೆ ಅದನ್ನು ಬಿಡಬೇಕು. ನೀವು ಎಳೆಯುವುದೇ ಬೇಡ, ನಿಂತಲ್ಲೇ ಈಜುತ್ತದೆ.

ಉಳಿದ ಫ್ಲೈಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೇರಿಲ್ಯಾಂಡಿನ ಲೆಫ್ಟಿ ಕ್ರೆಹ್ 1950ರ ದಶಕದ ಕೊನೆಯಲ್ಲಿ ರೂಪಿಸಿದ ಡಿಸೀವರ್ ಎಲ್ಲರಿಗೂ ಗೊತ್ತು, 1991ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೂ ಬಂತು. ಅದರ ಜಾಣತನ ಗರಿಗಳನ್ನು ಗಾಳದ ಹಿಂದುಗಡೆ ಕಟ್ಟಿದ್ದರಲ್ಲಿದೆ. ಬೀಸುವಾಗ ಗರಿ ಗಾಳಕ್ಕೆ ಸುತ್ತಿಕೊಳ್ಳುವುದಿಲ್ಲ. ಜೋ ಬ್ರೂಕ್ಸ್ ಅವರ ಬ್ಲಾಂಡ್ ಫ್ಲೈಗಳು ಬರೀ ಬಕ್‌ಟೇಲ್, ಹಿಂದೊಂದು ಗೊಂಚಲು, ಮುಂದೊಂದು. ಸರಳ, ಸುಂದರ. ಬಾಬ್ ಕ್ಲೌಸರ್ ಸಸ್ಕ್ವೆಹಾನ ನದಿಯ ಸ್ಮಾಲ್‌ಮೌತ್ ಬಾಸ್‌ಗೆ ಕಟ್ಟಿದ, ಕಣ್ಣಿಗೆ ಸೀಸ ಬಿಗಿದ ಮಿನ್ನೋ ಸಮುದ್ರದಲ್ಲೂ ಮೀನು ಹಿಡಿಯುತ್ತದೆ, ಒಪ್ಪಿದೆ, ಮುಂದಕ್ಕೆ ಹೋಗೋಣ. ಎಪಾಕ್ಸಿಯ ಸರ್ಫ್ ಕ್ಯಾಂಡಿ ಮಾಡಿದ ನ್ಯೂ ಜೆರ್ಸಿಯ ಬಾಬ್ ಪೊಪೋವಿಕ್ಸ್ ಮೇಲೆ ನನಗೆ ಕೋಪವಿಲ್ಲ. ಕಡಿಮೆ ಕೂದಲನ್ನು ತಿರುವಿ ಕಟ್ಟಿ, ಒಳಗೆ ಜಾಗ ಬಿಟ್ಟು ದೊಡ್ಡ ಮೀನಿನ ಆಕಾರ ತರಿಸಿದವರೂ ಅವರೇ. ಹಿಂಬಾಲಕರು ಕಲಿತದ್ದು ಮಾತ್ರ ಅಂಟು.

ನಮ್ಮವರಿಗೆ ಒಂದು ವಿಷಯ ಹೇಳಲೇಬೇಕು. ಹಳೆಯ ಫ್ಲೈಗಳ ಕೆನ್ನೆಯಲ್ಲಿ ಕೆಲವೊಮ್ಮೆ ಅರಗಿನ ಹೊಳಪಿನ ಹಳದಿ-ಬಿಳಿ ಮಚ್ಚೆಯ ಗರಿ ಕಾಣುತ್ತದಲ್ಲ, ಅದು ಸಹ್ಯಾದ್ರಿಯಲ್ಲಿ ಬೆಳಗಿನ ಜಾವ ಕೂಗುವ ನಮ್ಮ ಬೂದು ಕಾಡುಕೋಳಿಯ ಹುಂಜದ ಕತ್ತಿನದು. ಭಾರತದಿಂದ ಅದನ್ನು ಹೊರಗೆ ಕಳಿಸುವುದು ನಿಷಿದ್ಧವಾಗಿ ಎಷ್ಟೋ ಕಾಲವಾಯಿತು. ಈಗ ಸಿಗುವುದು ಹೊರದೇಶಗಳಲ್ಲಿ ಸಾಕಿದ ಹಕ್ಕಿಗಳದು. ಊರಿಗೆ ಹೋದಾಗ ತರುತ್ತೇನೆಂದು ಯಾರಾದರೂ ಹೇಳಿದರೆ ಬೇಡವೆನ್ನಿ.

ಆ ಅಜ್ಜನ ರೇಸ್ ಫ್ಲೈ ಕಟ್ಟಿ ನೋಡುವ ಆಸೆ ಹುಟ್ಟಿದ್ದರೆ ಬಿಳಿಯ ಬಾಲ ಒಂದು, ಆಲಿವ್ ಬಾಲ ಒಂದು ಕೊಳ್ಳಿ. ಬಣ್ಣಗಳ ಇಡೀ ಸೆಟ್ ಮಾರಲು ಅಂಗಡಿಯವನು ಬರುತ್ತಾನೆ, ಒಪ್ಪಬೇಡಿ. ಹಳದಿಯನ್ನು ಯಾರಿಂದಲಾದರೂ ಈಸಿಕೊಳ್ಳಿ, ಬೇಕಾಗುವುದೇ ಏಳೆಂಟು ಕೂದಲು.