ಲಕ್ಕಮ್ಮನ ಅಕ್ಕಿ, ತಬರನ ಕಡತ

ಗೋವಾದಲ್ಲಿ ನೆಲೆಸಿದ ಕನ್ನಡಿಗರು ನಾಲ್ವರು ಕೂಡಿದ ಕಡೆ ಒಂದು ಮಾತು ಬಾರದೆ ಇರದು: ಸರ್ಕಾರದ ದುಂದುವೆಚ್ಚ ಮತ್ತು ಸರ್ಕಾರಿ ನೌಕರರ ಸುಖ. ಬಂದರಿನಲ್ಲಿ ಮೂಟೆ ಹೊತ್ತವರು, ಗಣಿಯಲ್ಲಿ ಮಣ್ಣು ತೋಡಿದವರು, ಮಡಗಾಂವಿನಲ್ಲಿ ಅಂಗಡಿ ಇಟ್ಟವರು ಎಲ್ಲರೂ ಈ ವಿಷಯದಲ್ಲಿ ಏಕಕಂಠರು. ದುಡಿಮೆ ನಮ್ಮದು, ತೆರಿಗೆ ನಮ್ಮದು, ಸವಲತ್ತು ಮಾತ್ರ ಅವರದು ಎಂಬುದೇ ಅವರ ದೂರಿನ ಸಾರ. ಆದರೆ ಅದೇ ಮನೆಗಳಲ್ಲಿ ಮಗನಿಗೋ ಮಗಳಿಗೋ ಒಂದು ಸರ್ಕಾರಿ ನೌಕರಿ ದೊರೆಯಲೆಂದು ಹರಕೆ ಹೊತ್ತಿರುವುದನ್ನೂ ನಾವು ಬಲ್ಲೆವು. ಸಿಟ್ಟು ಮತ್ತು ಆಸೆ ಎರಡೂ ಒಂದೇ ಒಲೆಯ ಮೇಲೆ ಬೇಯುತ್ತಿರುವಾಗ ವಿವೇಕ ಸೀದುಹೋಗುವುದು ಸಹಜ. ಸಾಹಿತ್ಯದ ಹೆಸರಿನಲ್ಲಿ ಸೇರಿರುವ ಈ ಹೊತ್ತಿನಲ್ಲಿ ನಮ್ಮ ಸಾಹಿತ್ಯ ಈ ವಿಷಯದಲ್ಲಿ ಯಾವ ವಿವೇಕವನ್ನು ಕೊಟ್ಟಿದೆ ಎಂದು ನೋಡುವುದು ಉಚಿತವೆಂದು ಭಾವಿಸುತ್ತೇವೆ.

ಜನರ ಸಿಟ್ಟು ನಿರಾಧಾರವೆಂದು ಯಾರೂ ಹೇಳಲಾರರು. ಸಂವಿಧಾನದ 91ನೆಯ ತಿದ್ದುಪಡಿ (2003) ಮಂತ್ರಿಗಳ ಸಂಖ್ಯೆಯನ್ನು ಶಾಸಕರ ಶೇಕಡ 15ಕ್ಕೆ ಮಿತಗೊಳಿಸಿತು. ಆದರೆ ಸಣ್ಣ ರಾಜ್ಯಗಳಿಗೆ 12 ಮಂದಿಯ ಅವಕಾಶವನ್ನು ಉಳಿಸಿತು. ಆದ್ದರಿಂದ 40 ಶಾಸಕರ ಗೋವಾದಲ್ಲಿ 12 ಮಂತ್ರಿಗಳು ಇರಬಹುದು, ಎಂದರೆ ನೂರಕ್ಕೆ ಮೂವತ್ತು. ಪ್ರತಿಯೊಬ್ಬರಿಗೂ ಕಾರು, ಸಿಬ್ಬಂದಿ, ಭತ್ಯೆ. ತಾಯ್ನಾಡಿನ ಕಡೆ ತಿರುಗಿದರೂ ನೋಟ ಬೇರೆಯಲ್ಲ. 2025ರ ಮಾರ್ಚಿಯಲ್ಲಿ ಕರ್ನಾಟಕದ ವಿಧಾನಮಂಡಲವು ಶಾಸಕರ ತಿಂಗಳ ಸಂಬಳವನ್ನು 40,000 ರೂಪಾಯಿಯಿಂದ 80,000ಕ್ಕೂ ಮುಖ್ಯಮಂತ್ರಿಗಳದನ್ನು 75,000ದಿಂದ 1,50,000ಕ್ಕೂ ಏರಿಸಿಕೊಂಡಿತು. ಸದನದ ಗದ್ದಲದ ನಡುವೆಯೂ ಆ ಮಸೂದೆಗೆ ಅಡ್ಡಿಯಾಗಲಿಲ್ಲ. ಇನ್ನು 2024ರ ಕೊನೆಯ ತಿಂಗಳುಗಳಲ್ಲಿ ಸರ್ಕಾರಿ ನೌಕರಿ ಕೊಡಿಸುವೆವೆಂದು ಗೋವಾದ ಬಡವರಿಂದ ಲಕ್ಷಗಟ್ಟಲೆ ಹಣ ಕಿತ್ತವರು ಒಬ್ಬರ ಹಿಂದೆ ಒಬ್ಬರಂತೆ ಬಂಧಿತರಾದುದನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದೆವು. ದುಡಿಮೆಗಿಂತ ಹುದ್ದೆಗೆ ಹೆಚ್ಚು ಬೆಲೆ ಬಂದ ಸಮಾಜದಲ್ಲಿ ಹುದ್ದೆಯೂ ಸರಕಾಗುತ್ತದೆ.

ಕನ್ನಡಕ್ಕೆ ಈ ಪ್ರಶ್ನೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ, ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜೀವಿಸುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಮಡದಿ ಲಕ್ಕಮ್ಮ ಹಿಗ್ಗಲಿಲ್ಲ. ಅಂದಿನ ಅಗತ್ಯಕ್ಕೆ ಮಿಕ್ಕಿದ್ದು ತಮ್ಮದಲ್ಲ, ಮೊದಲಿದ್ದ ಕಡೆಯೇ ಅದನ್ನು ಸುರಿದು ಬರಬೇಕೆಂದು ಗಂಡನಿಗೆ ತಿಳಿಹೇಳಿದಳು. ಆ ಅಂಗಳದ ಒಡೆಯ ಬಿಜ್ಜಳನ ಆಸ್ಥಾನದ ಭಂಡಾರಿ ಎಂಬುದನ್ನು ಇಲ್ಲಿ ನೆನೆಯಬೇಕು. ಅವರು ಕಳವು ಮಾಡಿರಲಿಲ್ಲ, ಯಾವ ನಿಯಮವನ್ನೂ ಮೀರಿರಲಿಲ್ಲ. ಚೆಲ್ಲಿದ ಅಕ್ಕಿಗೆ ಲೆಕ್ಕ ಕೇಳುವವರೂ ಇರಲಿಲ್ಲ. ಕೇಳುವವರಿಲ್ಲದ ಕಡೆ ತಾನೇ ಕೇಳಿಕೊಳ್ಳುವುದೇ ಲಕ್ಕಮ್ಮನ ಕಾಯಕ ಧರ್ಮ. ವಿಧಾನಸೌಧದ ಹಣೆಯ ಮೇಲೆ ಕೆತ್ತಿದ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತಿಗೆ ಲಕ್ಕಮ್ಮನ ನಡೆಗಿಂತ ಉತ್ತಮ ಭಾಷ್ಯವಿಲ್ಲ.

ಈ ಆದರ್ಶದ ಇನ್ನೊಂದು ತುದಿಯಲ್ಲಿ ನಿಂತಿರುವುದು ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’. ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಈ ಕಥೆಯನ್ನು ಗಿರೀಶ್ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು. 1986ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಚಿತ್ರವೆನಿಸಿತು. ತಬರನಾಗಿ ನಟಿಸಿದ ಚಾರುಹಾಸನ್ ಅತ್ಯುತ್ತಮ ನಟರೆನಿಸಿದರು. ತಬರಸೆಟ್ಟಿ ಸರ್ಕಾರವನ್ನು ದೇವರೆಂದೇ ನಂಬಿದ ಕೆಳದರ್ಜೆಯ ನೌಕರ. ಸುಂಕ ವಸೂಲಿಯ ಕೆಲಸಕ್ಕೆ ಅವನನ್ನು ಹಾಕುತ್ತಾರೆ. ಕಾಫಿ ಬೆಳೆಗಾರರು ಕೊಡಲೊಲ್ಲರು. ಬಾರದ ಹಣದ ಹೊರೆ ಬಡಪಾಯಿಯ ತಲೆಗೆ ಬಂದು ನಿವೃತ್ತಿಯ ನಂತರ ಅವನ ಪಿಂಚಣಿ ನಿಲ್ಲುತ್ತದೆ. ಅತ್ತ ಹೆಂಡತಿ ಅಪ್ಪಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ಕೊಳೆಯತೊಡಗುತ್ತದೆ. ಕಡತ ಮೇಜಿನಿಂದ ಮೇಜಿಗೆ ಸಾಗಿದಂತೆ ಗಾಯ ಮೇಲಕ್ಕೆ ಏರುತ್ತದೆ. ಕಾಲು ಕತ್ತರಿಸಿಕೊಡೆಂದು ತಬರ ಕಸಾಯಿಯವನನ್ನು ಬೇಡುವ ಸ್ಥಿತಿಗೆ ಬರುತ್ತಾನೆ. ಅಪ್ಪಿ ಸಾಯುತ್ತಾಳೆ, ತಬರನಿಗೆ ಬುದ್ಧಿಭ್ರಮಣೆಯಾಗುತ್ತದೆ.

ಸರ್ಕಾರಿ ನೌಕರರ ಸುಖದ ಬಗ್ಗೆ ದೂರುವವರು ಮೊದಲು ಗಮನಿಸಬೇಕಾದುದು ತಬರನೂ ಸರ್ಕಾರಿ ನೌಕರನೇ ಎಂಬುದನ್ನು. ನಿವೃತ್ತ ಮುಖ್ಯೋಪಾಧ್ಯಾಯರಾದ ನಾವೂ ತಿಂಗಳು ತಿಂಗಳು ಪಿಂಚಣಿ ಪಡೆಯುವವರೇ. ಆ ಮೊತ್ತ ನಮ್ಮ ಮುಪ್ಪಿನ ಊರುಗೋಲು. 1982ರ ಡಿಸೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯವು ನಕಾರಾ ಪ್ರಕರಣದಲ್ಲಿ, ಪಿಂಚಣಿ ದೊರೆಗಳ ದಾನವಲ್ಲ, ದುಡಿದು ಗಳಿಸಿದ ಹಕ್ಕು ಎಂದು ಸಾರಿತು. ತೇಜಸ್ವಿಯವರ ಕಥೆ ಅದಕ್ಕೂ ಮೊದಲೇ ಆ ಹಕ್ಕು ನಮ್ಮ ಕಚೇರಿಗಳಲ್ಲಿ ಭಿಕ್ಷೆಯಾಗುವ ಬಗೆಯನ್ನು ತೋರಿಸಿತ್ತು. ಜವಾನನ ಸಂಬಳವನ್ನೂ ಶಾನುಭೋಗನ ಭತ್ಯೆಯನ್ನೂ ಎಣಿಸುತ್ತ ಕುಳಿತವರಿಗೆ ನಿಜವಾದ ಪೋಲು ಕಾಣುವುದಿಲ್ಲ. ಒಂದು ಸಹಿಗಾಗಿ ಒಬ್ಬ ಮನುಷ್ಯ ಸವೆಸಿದ ದಿನಗಳನ್ನು ಯಾವ ಮಹಾಲೇಖಪಾಲರ ವರದಿಯೂ ಎಣಿಸುವುದಿಲ್ಲ. ನಮ್ಮ ಕಥೆಗಾರ ಅದನ್ನು ಎಣಿಸಿದ್ದಾನೆ. ಅಪ್ಪಿಯ ಕಾಲೇ ಅವನ ಲೆಕ್ಕದ ಪುಸ್ತಕ.

ವಿಮರ್ಶೆಯ ದೃಷ್ಟಿಯಿಂದ ಎರಡು ಮಾತು ಹೇಳಬೇಕು. ಒಂದು, ಈ ಕಥೆಯಲ್ಲಿ ಖಳನಿಲ್ಲ. ಪ್ರತಿಯೊಬ್ಬ ಅಧಿಕಾರಿಯೂ ನಿಯಮದ ಮಾತನ್ನೇ ಆಡುತ್ತಾನೆ. ಎಲ್ಲರೂ ಸರಿಯಾಗಿದ್ದು ಒಬ್ಬ ಸಾಯುತ್ತಾಳೆ. ತಾವೇ ಮೂಡಿಗೆರೆಯಲ್ಲಿ ಕಾಫಿ ಬೆಳೆದ ತೇಜಸ್ವಿಯವರು ಸುಂಕ ಕೊಡದ ಬೆಳೆಗಾರರನ್ನೂ ಬಿಡಲಿಲ್ಲ ಎಂಬುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಕೊಡಬೇಕಾದುದನ್ನು ಕೊಡದ ಪ್ರಜೆಯೂ ತಬರನ ದುರಂತದಲ್ಲಿ ಪಾಲುದಾರ. ಎರಡು, ಚಿತ್ರದಲ್ಲಿ ಚಾರುಹಾಸನ್ನರ ಮುಖ ನಮ್ಮನ್ನು ಕರಗಿಸುತ್ತದೆ. ಕಥೆಯ ಒಣ ವ್ಯಂಗ್ಯ ನಮ್ಮನ್ನು ಕುಟುಕುತ್ತದೆ. ಕರಗಿದವನು ಕಣ್ಣೊರೆಸಿಕೊಂಡು ಮನೆಗೆ ಹೋಗಬಹುದು. ಕುಟುಕಿಸಿಕೊಂಡವನಿಗೆ ನಿದ್ದೆ ಬಾರದು. ಆದ್ದರಿಂದ ಚಿತ್ರ ನೋಡಿದವರೂ ಕಥೆಯನ್ನು ಓದಬೇಕೆಂಬುದು ನಮ್ಮ ಆಗ್ರಹ. ಒಂದು ಕೊರತೆಯನ್ನೂ ಹೇಳದೆ ಇರಲಾಗದು. ಮೇಜಿನ ಆಚೆ ಕುಳಿತ ಗುಮಾಸ್ತನ ಅಂತರಂಗ ಈ ಕಥೆಯಲ್ಲಿ ತೆರೆದುಕೊಳ್ಳುವುದಿಲ್ಲ. ಅವನೂ ಯಾರದೋ ಮನೆಯ ಮಗ. ನೌಕರಿ ಹಿಡಿಯುವಾಗ ಅವನಲ್ಲಿದ್ದ ಕರುಣೆ ಎಲ್ಲಿ ಬತ್ತಿತು ಎಂಬ ಕಥೆಯನ್ನು ಕನ್ನಡದಲ್ಲಿ ಇನ್ನಾರಾದರೂ ಬರೆಯಬೇಕು.

ತಬರನ ಕಾಲ ಮುಗಿಯಿತೇ? ವಿಳಂಬಕ್ಕೆ ಬೆಲೆ ಕಟ್ಟುವ ಕಾಯಿದೆಗಳು ಬಂದಿವೆ ಎಂಬುದು ನಿಜ. ಕರ್ನಾಟಕದಲ್ಲಿ 2011ರ ಸೇವಾ ಖಾತರಿ ಕಾಯಿದೆಯಡಿ 2012ರಲ್ಲಿ ‘ಸಕಾಲ’ ಆರಂಭವಾಯಿತು. ಗೋವಾ ವಿಧಾನಸಭೆಯೂ 2013ರಲ್ಲಿ ಅಂಥದೇ ಕಾಯಿದೆ ಮಾಡಿತು. ‘ಸಕಾಲ’ದಲ್ಲಿ ತಡವಾದ ದಿನಕ್ಕೆ 20 ರೂಪಾಯಿ ಪರಿಹಾರ, ಗರಿಷ್ಠ 500. ಹೊಣೆಯಾದವರ ಸಂಬಳದಿಂದ ಅದನ್ನು ವಸೂಲು ಮಾಡಬೇಕೆಂಬ ತತ್ತ್ವ ಶ್ಲಾಘ್ಯ. ಆದರೆ ಇಪ್ಪತ್ತೈದು ದಿನ ಕಳೆದ ಮೇಲೆ ತಡಕ್ಕೆ ಬೆಲೆಯೇ ಇಲ್ಲ! ಬೈನಾದ ಕೂಲಿಯವನು ವಾಸ್ತವ್ಯದ ದಾಖಲೆಗಾಗಿ ಮಾಮಲೇದಾರರ ಕಚೇರಿಗೆ ಒಂದು ದಿನ ಹೋದರೆ ಅಂದಿನ ಕೂಲಿ ಹೋಯಿತು. ಮರುದಿನ ಬಾ ಎಂದರೆ ಮರುದಿನದ್ದೂ ಹೋಯಿತು. ಭಾಷೆ ತಿಳಿಯದ ನೆಲದಲ್ಲಿ ಅರ್ಜಿ ಹಿಡಿದು ನಿಂತವನ ದಿಗಿಲು ಯಾವ ದರಪಟ್ಟಿಯಲ್ಲೂ ಬಾರದು.

ನಮ್ಮ ಸಂಘದ ಬಂಧುಗಳಲ್ಲಿ ಇಷ್ಟೇ ಅರಿಕೆ. ಸರ್ಕಾರದ ದುಂದನ್ನು ಟೀಕಿಸೋಣ, ಹನ್ನೆರಡು ಮಂತ್ರಿಗಳ ಲೆಕ್ಕವನ್ನೂ ಕೇಳೋಣ. ಆ ಹಕ್ಕು ತೆರಿಗೆ ಕೊಡುವ ಪ್ರತಿಯೊಬ್ಬರಿಗೂ ಇದೆ. ಆದರೆ ಸಿಟ್ಟಿನ ಗುರಿ ತಪ್ಪದಿರಲಿ. ಸಂಬಳ, ಪಿಂಚಣಿಗಳು ಪಾಪವಲ್ಲ. ಅವನ್ನು ಪಡೆದೂ ಎದುರು ನಿಂತವನಿಗೆ ಉತ್ತರ ಹೇಳದಿರುವುದು ಪಾಪ. ನಮ್ಮ ಸಭೆಯಲ್ಲಿ ಓದು ಬಲ್ಲ ಹಲವರಿದ್ದಾರೆ. ತಿಂಗಳಿಗೊಂದು ಭಾನುವಾರ ಅರ್ಜಿ ಬರೆಯಲು ಬಾರದ ನಮ್ಮವರ ಜೊತೆ ಕುಳಿತು ಅರ್ಜಿ ಬರೆದುಕೊಟ್ಟರೆ ಅದು ಸಾಹಿತ್ಯ ಸೇವೆಯೇ ಆದೀತು. ಮಕ್ಕಳು ಸರ್ಕಾರಿ ನೌಕರಿಗೆ ಸೇರುವುದಾದರೆ ಸಂತೋಷದಿಂದ ಕಳುಹಿಸೋಣ. ಹೊರಡುವ ದಿನ ಅವರ ಕೈಗೆ ‘ತಬರನ ಕಥೆ’ಯನ್ನು ಕೊಟ್ಟು, ಲಕ್ಕಮ್ಮ ಮರಳಿಸಿದ ಅಕ್ಕಿಯ ಸಂಗತಿಯನ್ನು ಹೇಳಿ ಕಳುಹಿಸೋಣ.