ಕಲ್ಲಿನ ರೂಪ, ಸಿಮೆಂಟಿನ ಮೈ

ಸಿರಸಂಗಿಯ ಕಾಳಿಕಾದೇವಿ ವಿಶ್ವಕರ್ಮರ ಕುಲದೇವತೆ. ಕಂಬಾರ, ಬಡಿಗೇರ, ಶಿಲ್ಪಿ ಎಲ್ಲರೂ ಅವಳ ಒಕ್ಕಲು. ಅವಳ ಗುಡಿಯ ಕಟ್ಟೆಯ ಮೇಲೆ ಕುಳಿತು ತುರ್ಕಸ್ಥಾನದ ಮಸೀದಿಯೊಂದರ ಚಿತ್ರ ನೋಡುತ್ತಿದ್ದೆನೆಂದರೆ ಓದುಗರು ನಕ್ಕಾರು. ಆದರೆ ಕಟ್ಟುವವರ ದೇವತೆಯ ಎದುರಿಗೆ ಕಟ್ಟಡದ ವಿಚಾರ ಮಾಡದೆ ಮತ್ತೆಲ್ಲಿ ಮಾಡಬೇಕು?

ಚಿತ್ರ ಅಂಕಾರಾ ನಗರದ ಕೋಜತೆಪೆ ಮಸೀದಿಯದು. ೧೯೬೭ರಲ್ಲಿ ಆರಂಭವಾದ ಕೆಲಸ ಮುಗಿದದ್ದು ೧೯೮೭ರಲ್ಲಿ. ನಡುವೆ ದೊಡ್ಡ ಗುಮ್ಮಟ, ಅದಕ್ಕೆ ಆತುಕೊಂಡ ಅರೆಗುಮ್ಮಟಗಳು, ಸೂಜಿಯಂಥ ನಾಲ್ಕು ಮಿನಾರುಗಳು. ಹದಿನಾರನೆಯ ಶತಮಾನದ ಆಟೋಮನ್ ಶಿಲ್ಪಿ ಸಿನಾನನ ಕಾಲದ್ದೇ ಎಂದು ಕಣ್ಣು ಮೋಸಹೋಗುತ್ತದೆ. ಮೈ ಮಾತ್ರ ಕಾಂಕ್ರೀಟಿನದು. ಕೆಳಗೆ ಅಂಗಡಿ, ಮೋಟಾರು ನಿಲ್ಲಿಸುವ ಜಾಗ.

ಈ ಮಸೀದಿಗೆಂದು ಮೊದಲು ಗೆದ್ದ ನಕ್ಷೆಯೇ ಬೇರೆ. ೧೯೫೭ರ ಸ್ಪರ್ಧೆಯಲ್ಲಿ ವೇದಾತ್ ದಾಲೋಕಾಯ್ ಎಂಬ ತರುಣ, ಸಂಗಡಿಗನೊಬ್ಬನೊಡನೆ, ತೆಳುವಾದ ಚಿಪ್ಪಿನಂಥ ಗುಮ್ಮಟವನ್ನು ಕಲ್ಪಿಸಿದ್ದ. ಇದು ಮಸೀದಿಯಂತಿಲ್ಲವೆಂಬ ಕೂಗೆದ್ದಿತು. ಅಸ್ತಿಭಾರ ಬಿದ್ದ ಮೇಲೆ ಕೆಲಸ ನಿಂತಿತು. ಆತ ಎದೆಗುಂದಲಿಲ್ಲ. ೧೯೬೯ರಲ್ಲಿ ಇಸ್ಲಾಮಾಬಾದಿನ ಫೈಸಲ್ ಮಸೀದಿಯ ಸ್ಪರ್ಧೆಯನ್ನು ಗೆದ್ದ. ೧೯೮೬ರಲ್ಲಿ ಮುಗಿದ ಆ ಮಸೀದಿಗೆ ಗುಮ್ಮಟವೇ ಇಲ್ಲ. ಮರುಭೂಮಿಯ ಡೇರೆಯಂತೆ ಅದು ನಿಂತಿದೆ.

ಹಾಗಾದರೆ ಹಳೆಯದರ ಅನುಕರಣೆ ತಪ್ಪೇ? ವಿಜಾಪುರದ ಗೋಳಗುಮ್ಮಟವೇ ಇಲ್ಲಿ ನನ್ನ ಅಳತೆಗೋಲು. ಆದಿಲಶಾಹಿಯ ಮೂಲಪುರುಷ ಯೂಸುಫನು ಆಟೋಮನ್ ಸುಲ್ತಾನನ ಮಗನೆಂದು ಫೆರಿಸ್ತಾ ಬರೆದಿಟ್ಟಿದ್ದಾನೆ. ಕಥೆ ನಿಜವೋ ಸುಳ್ಳೋ, ಅಭಿಮಾನವಂತೂ ಇತ್ತು. ಆದರೂ ಅವನ ವಂಶದ ಮಹಮ್ಮದ ಆದಿಲಶಹನ ಗೋರಿಯನ್ನು ಕಟ್ಟಿದವರು ಇಸ್ತಾಂಬೂಲಿನ ನಕಲು ತೆಗೆಯಲಿಲ್ಲ. ಒಳಗೆ ಸುಮಾರು ೩೮ ಮೀಟರು ಅಗಲದ ಗುಮ್ಮಟವನ್ನು ಹೊರಿಸಲು ಕಮಾನುಗಳನ್ನು ಒಂದರೊಳಗೊಂದು ಹೆಣೆದರು. ಅರೆಗುಮ್ಮಟದ ಹಂಗೇ ಬೇಡವಾಯಿತು. ಸಿನಾನನ ಅರೆಗುಮ್ಮಟಗಳಾದರೂ ಅಲಂಕಾರವಲ್ಲ, ನಡುಗುಮ್ಮಟದ ಒತ್ತಡವನ್ನು ಹಂಚಿಕೊಳ್ಳುವ ಹೆಗಲುಗಳು. ಕಾಂಕ್ರೀಟಿಗೆ ಈ ರೂಪವೇ ಬೇಕೆಂಬ ನಿರ್ಬಂಧವಿರಲಿಲ್ಲ. ಕೋಜತೆಪೆಯಲ್ಲಿ ಅವು ನೆನಪಿಗಾಗಿ ನಿಂತಂತಿವೆ.

ಇಷ್ಟು ಬರೆದ ಮೇಲೆ ನನ್ನ ಪೇನಾ ತಡೆಯುತ್ತದೆ. ಪ್ರಾರ್ಥನೆಗೆ ಹೋಗುವವನು ಶಿಲ್ಪಶಾಸ್ತ್ರ ಕೇಳುವುದಿಲ್ಲ. ತನ್ನ ಮಂದಿರ ದೂರದಿಂದಲೇ ಗುರುತು ಸಿಗಬೇಕೆನ್ನುತ್ತಾನೆ. ಚಾಲುಕ್ಯರ ಕಲ್ಲುಗುಡಿಗಳ ಈ ಸೀಮೆಯಲ್ಲಿ ನಾವು ಸಿಮೆಂಟಿನ ಬಣ್ಣದ ಗೋಪುರಗಳನ್ನು ಏರಿಸುತ್ತಿಲ್ಲವೇ? ಅವುಗಳ ಮುಂದೆ ನಾನೂ ಕೈಮುಗಿದಿದ್ದೇನೆ, ಮೂಗು ಮುರಿಯುತ್ತಲೇ.

ಆದರೂ ಗೆದ್ದ ನಕ್ಷೆಯನ್ನು ಕೈಬಿಟ್ಟದ್ದು ಅಂಕಾರಾಕ್ಕೇ ನಷ್ಟವೆಂದು ನನ್ನ ಎಣಿಕೆ. ಎರಡನ್ನೂ ನಾನು ಕಂಡದ್ದು ಚಿತ್ರದಲ್ಲಿ ಮಾತ್ರ. ಒಂದಕ್ಕೇ ಹೋಗುವ ಯೋಗವಿದ್ದರೆ ಡೇರೆಯ ಕಡೆಗೇ ಹೋದೇನು.