ಹುಬ್ಬಳ್ಳಿಯ ಎಟಿಆರ್, ಬೆಂಗಳೂರಿನ ಲಾಂಜ್

ಕಾಯಂ ಪ್ರಯಾಣಿಕರನ್ನು ಅಳೆಯುವ ಕೋಲನ್ನು ವಿಮಾನ ಕಂಪನಿಗಳು ಬದಲಿಸಿವೆ. ಎಷ್ಟು ದೂರ ಹಾರಿದಿರಿ ಎಂದು ಕೇಳುತ್ತಿದ್ದವರು ಈಗ ಎಷ್ಟು ದುಡ್ಡು ಕೊಟ್ಟಿರಿ ಎಂದು ಕೇಳುತ್ತಾರೆ. ಏರ್ ಇಂಡಿಯಾ ತನ್ನ ಫ್ಲೈಯಿಂಗ್ ರಿಟರ್ನ್ಸ್ ಯೋಜನೆಯನ್ನು 2024ರ ಏಪ್ರಿಲ್‌ನಲ್ಲಿ ಈ ಲೆಕ್ಕಕ್ಕೆ ತಿರುಗಿಸಿತು. ಅದೇ ವರ್ಷ ನವೆಂಬರ್ 12ರಂದು ವಿಸ್ತಾರ ಅದರಲ್ಲಿ ವಿಲೀನವಾಯಿತು, ಯೋಜನೆಗೆ ಮಹಾರಾಜ ಕ್ಲಬ್ ಎಂಬ ಹೆಸರು ಬಂತು. ಬ್ರಿಟಿಷ್ ಏರ್‌ವೇಸ್ 2025ರ ಏಪ್ರಿಲ್ 1ರಿಂದ ಇದೇ ಹಾದಿ ಹಿಡಿದಿದೆ. ಅಮೆರಿಕದ ದೊಡ್ಡ ಕಂಪನಿಗಳು ಅದಕ್ಕೂ ಮೊದಲೇ ಹಿಡಿದಿದ್ದವು. ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂಬ ಮೆಟ್ಟಿಲುಗಳು ಹಾಗೇ ಇವೆ, ಹತ್ತುವ ಬಗೆ ಮಾತ್ರ ಬೇರೆ.

ಹಳಬರಿಗೆ ಇದು ಸಂಕಟ ತಂದಿದೆ. ಆದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯಿಂದ ಹೊರಟು ಗೋಕುಲ ರಸ್ತೆಯ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್ ತೆಗೆಸುವ ನಮ್ಮವರ ಕಡೆಯಿಂದ ನೋಡಿದರೆ, ಬದಲಾವಣೆಯಲ್ಲಿ ಒಂದು ನ್ಯಾಯವೂ ಇದೆ ಎಂದು ನನಗೆ ಅನ್ನಿಸುತ್ತದೆ.

ಲೆಕ್ಕ ಹಾಕಿ ನೋಡಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 370 ಕಿಲೋಮೀಟರ್. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ, 2021ರ ಜನವರಿಯಲ್ಲಿ ಏರ್ ಇಂಡಿಯಾದ ನಾಲ್ವರು ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದ ಆ ದಾರಿ, ಹೆಚ್ಚುಕಡಿಮೆ 14,000 ಕಿಲೋಮೀಟರ್. ದೂರವೇ ಅಳತೆಯಾದರೆ, ಅಮೆರಿಕಕ್ಕೆ ಒಮ್ಮೆ ಹೋಗಿಬಂದವರಿಗೆ ಸರಿಗಟ್ಟಲು ನಮ್ಮ ಹತ್ತಿ ವ್ಯಾಪಾರಿ ಬೆಂಗಳೂರಿಗೆ 38 ಸಲ ಹೋಗಿಬರಬೇಕು. ರೂಪಾಯಿಯ ಅಳತೆಯಲ್ಲಿ ಈ ಅಂತರ ಬಹಳ ತಗ್ಗುತ್ತದೆ, ಯಾಕೆಂದರೆ ಸಣ್ಣ ದಾರಿಯ ಟಿಕೆಟ್ಟಿನಲ್ಲಿ ಕಿಲೋಮೀಟರಿಗೆ ಬೀಳುವ ದರ ಜಾಸ್ತಿ. ತಿಂಗಳಿಗೆ ನಾಲ್ಕು ಸಲ ಎಟಿಆರ್ ಎಂಬ ಪುಟ್ಟ ವಿಮಾನ ಹತ್ತಿ ಇಳಿಯುವವನ ದುಡಿಮೆಗೆ ಕೊನೆಗೂ ಒಂದು ಬೆಲೆ ಬಂತು. ನಷ್ಟವಾಗುವುದು ಎರಡು ವರ್ಷಕ್ಕೊಮ್ಮೆ ಅಗ್ಗದ ಟಿಕೆಟ್ ಹುಡುಕಿ ಮಕ್ಕಳ ಬಳಿ ಹೋಗುವ ತಂದೆತಾಯಿಗೆ. ಆ ನಷ್ಟವನ್ನು ನಾನು ಸಣ್ಣದೆಂದು ಹೇಳುವುದಿಲ್ಲ.

ಕಾಯಂ ಪ್ರಯಾಣಿಕರಿಗೆ ಪಾಯಿಂಟ್ ಕೊಡುವ ಈ ವಿದ್ಯೆಯ ಮೂಲ 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ಆರಂಭಿಸಿದ ಅಡ್ವಾಂಟೇಜ್ ಯೋಜನೆ. ನಮ್ಮ ರಾಜ್ಯದಲ್ಲಿ ಸಾಮಾನ್ಯರನ್ನು ವಿಮಾನ ಹತ್ತಿಸಿದ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್‌ಗೆ ಅಂಥ ಠೀವಿ ಬೇಕಿರಲಿಲ್ಲ. ಕಡಿಮೆ ದರವೇ ಅದು ಕೊಟ್ಟ ಗೌರವ. ಅದನ್ನು ನುಂಗಿದ ಕಿಂಗ್‌ಫಿಶರ್ ಕಿಂಗ್ ಕ್ಲಬ್ ಕಟ್ಟಿತು. 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನಿಂತಾಗ ಸದಸ್ಯರು ಕೂಡಿಟ್ಟ ಮೈಲಿಗಳೂ ಅಲ್ಲೇ ನಿಂತವು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಪಾಯಿಂಟ್ ಯೋಜನೆ ಬೇರೆ ಕಂಪನಿಯ ಕೈಯಲ್ಲಿದ್ದುದರಿಂದ ಇಂಟರ್‌ಮೈಲ್ಸ್ ಎಂಬ ಹೆಸರಿನಲ್ಲಿ ಬದುಕಿತು. ಪಾಯಿಂಟ್‌ಗಳನ್ನು ಠೇವಣಿಯಂತೆ ಕೂಡಿಡಬೇಡಿ, ಬಂದಂತೆ ಬಳಸಿ ಎಂದು ಈ ಅಂಕಣದಲ್ಲಿ ಮತ್ತೆ ಮತ್ತೆ ಬರೆಯುವುದು ಇದಕ್ಕೇ.

ಹುಬ್ಬಳ್ಳಿಯ ಕಥೆ ನಿಜವಾಗಿ ತೆರೆದುಕೊಂಡದ್ದು ಸಣ್ಣ ಊರುಗಳಿಗೆ ವಿಮಾನ ತರುವ ಉಡಾನ್ ಯೋಜನೆಯ ಕಾಲಕ್ಕೆ. 2018ರಲ್ಲಿ ಇಂಡಿಗೊ ಇಲ್ಲಿಗೆ ಎಟಿಆರ್ ತಂದಿತು. ಸ್ಟಾರ್ ಏರ್ ಎಂಬ ಕಂಪನಿ ಹುಟ್ಟಿದ್ದೇ ನಮ್ಮ ದಾರಿಯಲ್ಲಿ: 2019ರ ಜನವರಿ 25ರಂದು ಅದರ ಮೊದಲ ಹಾರಾಟ ಬೆಂಗಳೂರಿನಿಂದ ಹುಬ್ಬಳ್ಳಿಗೆ. ಅಂದಿನಿಂದ ಇಲ್ಲಿಂದ ಹಾರುವವರಲ್ಲಿ ಬಹುಪಾಲು ಇಂಡಿಗೊ ಗಿರಾಕಿಗಳು, ಮತ್ತು ಇಂಡಿಗೊದಲ್ಲಿ ಮೆಟ್ಟಿಲುಗಳೇ ಇರಲಿಲ್ಲ. ವರ್ಷಗಟ್ಟಲೆ ಅದೇ ವಿಮಾನ ಹತ್ತಿದವನೂ ಮೊದಲ ಸಲ ಹತ್ತಿದವನೂ ಒಂದೇ ಸಾಲಿನಲ್ಲಿ. 2024ರಲ್ಲಿ ಬ್ಲೂಚಿಪ್ ಬಂತು, ಬ್ಲೂ 3, ಬ್ಲೂ 2, ಬ್ಲೂ 1 ಎಂಬ ಮೂರು ಶ್ರೇಣಿಗಳೊಂದಿಗೆ. ತಡವಾಯಿತು, ಆದರೂ ನಾನು ಸ್ವಾಗತಿಸುತ್ತೇನೆ. ನಮ್ಮ ಭಾಗದ ಓದುಗರು ಇನ್ನೂ ಸದಸ್ಯರಾಗಿಲ್ಲವೆಂದರೆ ಮುಂದಿನ ಟಿಕೆಟ್ ತೆಗೆಯುವ ಮುನ್ನ ಆಗಲಿ; ಹಣ ಕೊಡಬೇಕಿಲ್ಲ.

ಇನ್ನು ಲಾಂಜ್, ನಿಲ್ದಾಣದಲ್ಲಿ ಶ್ರೇಣಿ ಅಥವಾ ಕಾರ್ಡು ಇದ್ದವರಿಗೆ ತೆರೆಯುವ ವಿಶ್ರಾಂತಿ ಕೋಣೆ. ನನ್ನ ಮನಸ್ಸು ಇರುವುದು ಇಲ್ಲಿ.

ಮುಂಬೈಯವನಿಗೆ ಲಾಂಜ್ ಎಂದರೆ ಮನೆಯಿಂದ ಬಂದು ವಿಮಾನ ಹತ್ತುವ ನಡುವೆ ಒಂದು ಕಪ್ ಕಾಫಿ. ನವಲಗುಂದದವರ ದಿನ ಬೇರೆ. ವಿಜಯಪುರ ರಸ್ತೆಯಲ್ಲಿ ಬಂದು, ಇಡೀ ಹುಬ್ಬಳ್ಳಿ ದಾಟಿ, ಸಂಜೆಯೊಳಗಿನ ವಿಮಾನ ಹಿಡಿದು ಬೆಂಗಳೂರಿನ ಒಂದನೇ ಟರ್ಮಿನಲ್‌ನಲ್ಲಿ ಇಳಿಯಬೇಕು. ವಿದೇಶದ ವಿಮಾನ ಎರಡನೇ ಟರ್ಮಿನಲ್‌ನಿಂದ. ಚೀಲ ಎಳೆದುಕೊಂಡು ಬಸ್ಸಿನಲ್ಲಿ ಅಲ್ಲಿಗೆ ಹೋಗಬೇಕು. ಯುರೋಪಿನ ಕಡೆಯ ವಿಮಾನಗಳು ಬಹುತೇಕ ನಡುರಾತ್ರಿ ದಾಟಿದ ಮೇಲೆಯೇ. ಐದಾರು ತಾಸು ಕಾಯುವುದು ಇಲ್ಲಿ ಸಾಮಾನ್ಯ. ಕಾಯುವವರು ಅನೇಕ ಸಲ ಅರವತ್ತು ದಾಟಿದ ದಂಪತಿ, ಸೊಸೆಯ ಬಾಣಂತನಕ್ಕೆ ಹೊರಟವರು. ನವಲಗುಂದದ ಹಿರಿಯರೊಬ್ಬರು ನನ್ನನ್ನು ಕೇಳಿದ್ದರು: ‘ಅಲ್ರೀ, ದಣದವಗ ಕುರ್ಚಿ ಕೊಡೂದು ಬಿಟ್ಟು ಖರ್ಚ ಮಾಡಿದವಗ ಕುರ್ಚಿ ಕೊಡತಾರಲ್ಲ?’ ನನ್ನ ಬಳಿ ಉತ್ತರವಿರಲಿಲ್ಲ.

ಲಾಂಜ್ ಮೊದಲಿಗೆ ಆಹ್ವಾನಿತರ ಕೋಣೆ. 1939ರಲ್ಲಿ ನ್ಯೂಯಾರ್ಕ್‌ನ ಲಾಗಾರ್ಡಿಯಾದಲ್ಲಿ ಅಮೆರಿಕನ್ ಏರ್‌ಲೈನ್ಸ್ ತೆರೆದ ಅಡ್ಮಿರಲ್ಸ್ ಕ್ಲಬ್ಬಿಗೆ ಕಂಪನಿ ಕರೆದವರಿಗಷ್ಟೇ ಪ್ರವೇಶ. ಅದನ್ನು ನಮ್ಮಲ್ಲಿ ಊರೂರಿಗೆ ತಲುಪಿಸಿದ್ದು ಬ್ಯಾಂಕುಗಳು. ಅಣ್ಣಿಗೇರಿಯ ಶಿಕ್ಷಕರ ಸಂಬಳದ ಖಾತೆಗೆ ಸಿಕ್ಕ ರುಪೇ ಪ್ಲಾಟಿನಂ ಡೆಬಿಟ್ ಕಾರ್ಡು ಉಜ್ಜಿ ಎರಡು ರೂಪಾಯಿಗೆ ಒಳಗೆ ಹೋಗಬಹುದಾಗಿತ್ತು. ಜನ ಹೆಚ್ಚಿದರು, ಲಾಂಜ್ ಬಾಗಿಲಲ್ಲಿ ಸಾಲು ಬೆಳೆಯಿತು, ಬ್ಯಾಂಕುಗಳು ಷರತ್ತು ಹಾಕಿದವು. 2023ರ ಡಿಸೆಂಬರ್‌ನಿಂದ ಎಚ್‌ಡಿಎಫ್‌ಸಿ ಬ್ಯಾಂಕಿನ ರೆಗಾಲಿಯಾ ಕಾರ್ಡಿಗೆ ತ್ರೈಮಾಸಿಕದಲ್ಲಿ ಒಂದು ಲಕ್ಷ ರೂಪಾಯಿ ಖರ್ಚಿನ ನಿಯಮ. 2024ರ ಏಪ್ರಿಲ್‌ನಿಂದ ಐಸಿಐಸಿಐ ಬ್ಯಾಂಕಿನ ಹಲವು ಕಾರ್ಡುಗಳಿಗೆ ಹಿಂದಿನ ತ್ರೈಮಾಸಿಕದಲ್ಲಿ 35,000 ರೂಪಾಯಿ ಖರ್ಚಿನ ಷರತ್ತು ಬಂದಿತ್ತು. 2025ರ ಸೆಪ್ಟೆಂಬರ್‌ನಲ್ಲಿ, ಬ್ಯಾಂಕು ಮತ್ತು ಲಾಂಜುಗಳ ನಡುವೆ ಕೊಂಡಿಯಾಗಿದ್ದ ಡ್ರೀಮ್‌ಫೋಕ್ಸ್ ಕಂಪನಿ ದೇಶದೊಳಗಿನ ಲಾಂಜ್ ಸೇವೆಯನ್ನೇ ನಿಲ್ಲಿಸಿತು. ಅಮೆರಿಕದಲ್ಲೂ ಇದೇ ಒತ್ತಡ: ಡೆಲ್ಟಾ ತನ್ನ ದುಬಾರಿ ರಿಸರ್ವ್ ಕಾರ್ಡು ಇದ್ದವರಿಗೂ 2025ರ ಫೆಬ್ರವರಿಯಿಂದ ವರ್ಷಕ್ಕೆ 15 ದಿನದ ಮಿತಿ ಇಟ್ಟಿದೆ.

ಗದ್ದಲ ತಗ್ಗಿಸಬೇಕೆಂಬುದನ್ನು ಒಪ್ಪುತ್ತೇನೆ. ಮೂರು ತಿಂಗಳ ಲೆಕ್ಕವನ್ನು ಒಪ್ಪಲಾರೆ. ಅದು ತಿಂಗಳ ಸಂಬಳದವರ ಪಂಚಾಂಗ. ನಮ್ಮ ಕರಿಮಣ್ಣಿನ ಸೀಮೆಯ ಖರ್ಚು ಮುಂಗಾರಿಗೆ ಬೀಜ ಗೊಬ್ಬರ ತರುವಾಗ ಒಮ್ಮೆ, ಹಿಂಗಾರಿಗೆ ಕಡಲೆ ಬಿತ್ತುವಾಗ ಇನ್ನೊಮ್ಮೆ. ಆ ದುಡ್ಡೂ ಸೊಸೈಟಿಗೆ ನಗದಾಗಿ ಇಲ್ಲವೇ ಖಾತೆಯಿಂದ ಯುಪಿಐ ಮೂಲಕ ಹೋಗುತ್ತದೆ, ಕಾರ್ಡಿನಲ್ಲಿ ಕಾಣುವುದಿಲ್ಲ. ವರ್ಷಕ್ಕೆ ಲಕ್ಷಗಟ್ಟಲೆ ವಹಿವಾಟು ಮಾಡುವ ಒಕ್ಕಲಿಗ ಈ ನಿಯಮದ ಕಣ್ಣಿಗೆ ಖರ್ಚೇ ಮಾಡದವನು. ಅಮರಗೋಳದ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಹಾಗಿಲ್ಲ. ಮಳೆ ಕೈಕೊಟ್ಟು ಈ ಸಲ ನಾಲ್ಕೇ ಚೀಲ ತಂದ ರೈತನಿಗೂ ಚಹಾ ಬರುತ್ತದೆ, ರಾತ್ರಿ ಉಳಿಯಬೇಕಾದರೆ ಗಾದಿಯ ಮೂಲೆ ಸಿಗುತ್ತದೆ. ಅಲ್ಲಿ ನೆನಪಿಡುವುದು ವರ್ಷಗಳ ನಂಟನ್ನು.

ವಿಮಾನ ಕಂಪನಿಗಳಿಗೆ ನನ್ನ ಬೇಡಿಕೆ ಒಂದೇ: ಶ್ರೇಣಿಯನ್ನು ದುಡ್ಡಿಗೆ ಕಟ್ಟಿಕೊಳ್ಳಿ, ಲಾಂಜನ್ನು ಕಾಯುವ ತಾಸಿಗೆ ಕಟ್ಟಿ. ಸಣ್ಣ ಊರಿನಿಂದ ಬಂದು ನಾಲ್ಕು ತಾಸಿಗಿಂತ ಹೆಚ್ಚು ಕಾಯಬೇಕಾದ ಟಿಕೆಟ್ಟಿನಲ್ಲೇ ಲಾಂಜ್ ಸೇರಿರಲಿ. ಸಂಪರ್ಕ ವಿಮಾನಕ್ಕೆ ಕಾಯುವುದು ಎಷ್ಟು ಹೊತ್ತೆಂದು ಟಿಕೆಟ್ ಮಾರುವಾಗಲೇ ಅವರಿಗೆ ಗೊತ್ತಿರುತ್ತದೆ. ಮಹಾರಾಜನ ಕಂಪನಿ ಏರ್ ಇಂಡಿಯಾಗಂತೂ ನಿಂತು ಸಾಗುವ ಪಯಣ ಹುಟ್ಟಿನಿಂದಲೇ ಬಂದದ್ದು. 1932ರ ಅಕ್ಟೋಬರ್‌ನಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ತಂದ ಅಂಚೆಯನ್ನು ನೆವಿಲ್ ವಿನ್ಸೆಂಟ್ ಮದ್ರಾಸಿಗೆ ಒಯ್ದದ್ದು ನಮ್ಮ ಬಳ್ಳಾರಿಯಲ್ಲಿ ಇಳಿದು. ಹುಬ್ಬಳ್ಳಿಯ ಹೊಸ ಟರ್ಮಿನಲ್‌ಗೆ 2024ರ ಮಾರ್ಚ್ 10ರಂದು ಶಂಕುಸ್ಥಾಪನೆ ಆಗಿದೆ. ಅಲ್ಲಿಯೂ ಬೆನ್ನು ಒರಗಿಸುವ ಕುರ್ಚಿಗಳು ಎಲ್ಲರ ಪಾಲಿಗೆ ಸಾಕಷ್ಟು ಇರಲಿ.

ಅಲ್ಲಿಯವರೆಗೆ, ಈ ಬೇಸಿಗೆಯಲ್ಲಿ ಮಕ್ಕಳ ಬಳಿ ಹೊರಟಿರುವ ಹಿರಿಯರ ಮನೆಯವರಿಗೆ ಕೆಲವು ಮಾತು. ಪ್ರಯಾಣದ ಹಿಂದಿನ ತ್ರೈಮಾಸಿಕದಲ್ಲಿ ಮನೆಯ ದೊಡ್ಡ ಖರೀದಿ ಏನಿದ್ದರೂ, ಫ್ರಿಜ್ಜೋ ಟಿಕೆಟ್ಟೋ, ಅವರು ಜೊತೆಯಲ್ಲಿ ಒಯ್ಯುವ ಕಾರ್ಡಿನಲ್ಲೇ ಮಾಡಿ. ಮನೆಯಲ್ಲಿರುವ ಇನ್ನೊಬ್ಬರ ಕಾರ್ಡು ಲಾಂಜ್ ಬಾಗಿಲಲ್ಲಿ ನಡೆಯದು. ದಂಪತಿ ಹೊರಟಿದ್ದರೆ ಇಬ್ಬರ ಹೆಸರಿನಲ್ಲೂ ಕಾರ್ಡು ಬೇಕು, ಯಾಕೆಂದರೆ ಜೊತೆಗಾರರಿಗೆ ಪುಕ್ಕಟೆ ಪ್ರವೇಶ ಈಗ ಅಪರೂಪ. ವಿದೇಶಿ ವಿಮಾನಗಳ ಲಾಂಜ್ ಇರುವುದು ಇಮಿಗ್ರೇಷನ್ ದಾಟಿದ ಮೇಲೆ, ಚೆಕ್-ಇನ್ ತೆರೆಯುವ ತನಕ ಹೊರಗೇ ಕೂರಬೇಕು. ಆ ಹೊತ್ತಿಗೆ ಬುತ್ತಿಯಲ್ಲಿ ನಾಲ್ಕು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡಿ. ಎರಡೂ ಕಡೆಯ ಬೋರ್ಡಿಂಗ್ ಪಾಸುಗಳನ್ನು ಪಾಯಿಂಟ್ ಖಾತೆಗೆ ಬರುವ ತನಕ ಎಸೆಯಬೇಡಿ. ಬಾರದಿದ್ದರೆ ಕೇಳಿ ಪಡೆಯಲು ಅವೇ ಆಧಾರ.